ಟೆರಿಯರ್ ಮರಿ ಮನೆಗೆ ಬಂತಾ? ಅದಕ್ಕೊಂದು ಕೆಲಸ ಕೊಡಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಪುಟ್ಟ ಟೆರಿಯರ್ ನಾಯಿಮರಿಗಳದ್ದೇ. ಜ್ಯಾಕ್ ರಸೆಲ್ ಮತ್ತು ಯಾರ್ಕ್‌ಶೈರ್, ಅಂದರೆ ಎಲ್ಲರೂ ಯಾರ್ಕಿ ಅಂತ ಕರೆಯುವ ತಳಿ. ಹಾಗಾಗಿ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಉತ್ತರಕ್ಕೆ ಮುಂಚೆ ಒಂದು ಮಾತು. ಟೆರಿಯರ್‌ಗಳನ್ನು ಮಡಿಲಲ್ಲಿ ಕೂರಿಸಿಕೊಳ್ಳಲಿಕ್ಕೆ ಅಂತ ಯಾರೂ ಬೆಳೆಸಿದ್ದಲ್ಲ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ ರಸೆಲ್ 1819ರಲ್ಲಿ ಟ್ರಂಪ್ ಅನ್ನುವ ಒಂದು ಹೆಣ್ಣು ನಾಯಿ ಕೊಂಡುಕೊಂಡರು. ಬಿಲದೊಳಗೆ ನುಗ್ಗಿ ನರಿಯನ್ನು ಹೊರಗೆ ಓಡಿಸುವ ನಾಯಿಗಳು ಅವರಿಗೆ ಬೇಕಿದ್ದವು, ಜ್ಯಾಕ್ ರಸೆಲ್ ತಳಿ ಶುರುವಾಗಿದ್ದು ಅಲ್ಲಿಂದ. ಯಾರ್ಕಿಯ ಹಿರಿಯರು ಉತ್ತರ ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಇಲಿ ಹಿಡಿಯುತ್ತಿದ್ದವು. ಕತ್ತಲ ಬಿಲದಲ್ಲಿ ಒಡೆಯ ಇರುವುದಿಲ್ಲ. ಏನು ಮಾಡಬೇಕು ಅಂತ ನಾಯಿಯೇ ತೀರ್ಮಾನ ಮಾಡಬೇಕು. ಅಂಥ ನಾಯಿಯ ವಂಶದ್ದು ನಿಮ್ಮ ಮನೆಯ ಮರಿ. ಅಗೆಯುವುದು, ಬೊಗಳುವುದು, ಕಚ್ಚಿ ಎಳೆಯುವುದು, ಕರೆದರೆ ಬಾರದಿರುವುದು, ಇವೆಲ್ಲ ಅದಕ್ಕೆ ರಕ್ತದಲ್ಲೇ ಬಂದ ಕೆಲಸ. ಆ ಕೆಲಸವನ್ನು ನಿಲ್ಲಿಸಲು ಹೊರಟರೆ ನೀವೂ ಸೋಲುತ್ತೀರಿ, ಮರಿಯೂ ಕೆಡುತ್ತದೆ. ಅದನ್ನು ಎಲ್ಲಿ, ಯಾವಾಗ, ಹೇಗೆ ಮಾಡಬೇಕು ಅಂತ ತೋರಿಸಿಕೊಡಿ, ಸಾಕು.

ಪ್ರಶ್ನೆ: ಡಾಕ್ಟ್ರೇ, ನಮ್ಮದು ಐದನೇ ಮಹಡಿಯ ಫ್ಲ್ಯಾಟ್. ಎರಡೂವರೆ ತಿಂಗಳ ಜ್ಯಾಕ್ ರಸೆಲ್ ಮರಿ ತಂದಿದ್ದೇವೆ. ಲಸಿಕೆ ಪೂರ್ತಿ ಆಗುವವರೆಗೆ ಕೆಳಗೆ ಇಳಿಸಬೇಡಿ ಅಂದಿದ್ದಾರೆ. ಮನೆಯೆಲ್ಲಾ ಉಚ್ಚೆ. ಬೈದರೆ ಸೋಫಾ ಹಿಂದೆ ಹೋಗಿ ಮಾಡುತ್ತೆ. ನಾನೂ ನನ್ನ ಗಂಡನೂ ಇಬ್ಬರೂ ಕೆಲಸಕ್ಕೆ ಹೋಗುವವರು. ಏನು ಮಾಡೋದು?
— ಓದುಗರು, ಬೆಂಗಳೂರು

ಮೊದಲು ಬೈಯುವುದನ್ನು ನಿಲ್ಲಿಸಿ. ಸೋಫಾ ಹಿಂದೆ ಹೋಗುತ್ತಿರುವುದು ಹಟಕ್ಕಲ್ಲ. ನಿಮ್ಮೆದುರು ಹೊಯ್ದರೆ ಬೈಗುಳ ಬೀಳುತ್ತೆ, ಮರೆಯಲ್ಲಿ ಹೊಯ್ದರೆ ಏನೂ ಆಗಲ್ಲ ಅಂತ ಮರಿ ಕಲಿತುಬಿಟ್ಟಿದೆ. ಉಚ್ಚೆಗೆ ಅದರ ಮೂತಿ ತಿಕ್ಕುವವರೂ ಇದ್ದಾರೆ, ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ.

ಈ ವಯಸ್ಸಿನ ಮರಿ ಹಗಲಲ್ಲಿ ಹೆಚ್ಚೆಂದರೆ ಮೂರು ಗಂಟೆ ತಡೆದುಕೊಳ್ಳಬಲ್ಲದು. ತಿಂಗಳಿಗೊಂದು ಗಂಟೆ, ಮೇಲೊಂದು ಗಂಟೆ ಅಂತ ಅಂದಾಜು ಇಟ್ಟುಕೊಳ್ಳಿ, ಪುಟ್ಟ ತಳಿಗೆ ಅದಕ್ಕಿಂತ ಸ್ವಲ್ಪ ಕಮ್ಮಿಯೇ. ಹಾಗಾಗಿ ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡು ಹೋಗಿ ಸಂಜೆ ಏಳಕ್ಕೆ ಬಂದು ನೆಲ ಒಣಗಿರಲಿ ಅಂತ ಬಯಸುವುದು ಸರಿಯಲ್ಲ, ಅಲ್ವಾ? ಮೊದಲ ಎರಡು ಮೂರು ತಿಂಗಳು ಇಬ್ಬರಲ್ಲಿ ಒಬ್ಬರು ಮನೆಯಿಂದಲೇ ಕೆಲಸ ಮಾಡಿ. ಇಲ್ಲಾ ಮಧ್ಯಾಹ್ನ ಒಮ್ಮೆಯಾದರೂ ಯಾರಾದರೂ ಬಂದು ನೋಡಿಕೊಳ್ಳುವ ಹಾಗೆ ಮಾಡಿ. ಅಮ್ಮ, ಅತ್ತೆ, ಪಕ್ಕದ ಮನೆಯ ಕಾಲೇಜು ಹುಡುಗ, ಯಾರಾದರೂ ಸರಿ. ಇದಕ್ಕೆ ದಾರಿಯೇ ಇಲ್ಲ ಅನ್ನುವವರು ಇನ್ನೂ ಮರಿ ತಂದಿಲ್ಲದಿದ್ದರೆ ತರಬೇಡಿ ಅಂತಲೇ ಹೇಳುತ್ತೇನೆ.

ಜಾಗ ಒಂದೇ ಇರಲಿ. ಬಾಲ್ಕನಿ ಅಥವಾ ಯುಟಿಲಿಟಿಯ ಒಂದು ಮೂಲೆಯಲ್ಲಿ ತಟ್ಟೆಯ ಮೇಲೆ ಹುಲ್ಲಿನ ಮ್ಯಾಟ್ ಇಡಿ, ನ್ಯೂಸ್‌ಪೇಪರ್ ಹಾಸಿದರೂ ನಡೆಯುತ್ತದೆ. ಬಾಲ್ಕನಿ ಆದರೆ ಕಂಬಿಗಳ ಸಂದಿಗೆ ಬಲೆ ಕಟ್ಟಿಸಿ, ಇಷ್ಟು ಸಣ್ಣ ಮರಿ ನುಸುಳಿ ಕೆಳಗೆ ಬಿದ್ದ ಪ್ರಕರಣಗಳನ್ನು ನೋಡಿದ್ದೇನೆ. ಇನ್ನು ಸಮಯ. ನಿದ್ದೆಯಿಂದ ಎದ್ದ ತಕ್ಷಣ, ಊಟ ಆದ ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದ ಕೂಡಲೇ, ಮಲಗುವ ಮುಂಚೆ ಎತ್ತಿಕೊಂಡು ಹೋಗಿ ಅಲ್ಲಿ ಬಿಡಿ. ಆಟದ ಮಧ್ಯೆ ಮೂಗು ನೆಲಕ್ಕೆ ಹಚ್ಚಿ ಸುತ್ತು ಹಾಕತೊಡಗಿದರೆ ಸಮಯ ಬಂತು ಅಂತಲೇ ಅರ್ಥ. ಆಗಲೂ ಎತ್ತಿಕೊಳ್ಳಿ. ಸರಿಯಾದ ಜಾಗದಲ್ಲಿ ಮಾಡಿದ ಮರುಕ್ಷಣ, ಎರಡು ಸೆಕೆಂಡ್ ಒಳಗೆ, ತಿನ್ನಲು ಒಂದು ಚೂರು ಕೊಟ್ಟು ಶಹಬ್ಬಾಸ್ ಅನ್ನಿ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಅದಕ್ಕೆ ಯಾವುದರ ಬಹುಮಾನ ಅಂತ ಗೊತ್ತಾಗುವುದಿಲ್ಲ. ಜೇಬಲ್ಲೇ ಇಟ್ಟುಕೊಂಡಿರಿ.

ಮನೆಯೊಳಗೆ ಹೊಯ್ದ ಜಾಗವನ್ನು ಬರೀ ಫಿನೈಲ್ ಹಾಕಿ ಒರೆಸಿದರೆ ನಿಮ್ಮ ಮೂಗಿಗೆ ವಾಸನೆ ಹೋಗುತ್ತದೆ, ಅದರ ಮೂಗಿಗಲ್ಲ. ಮತ್ತೆ ಅಲ್ಲೇ ಬರುತ್ತದೆ. ಸಾಲದ್ದಕ್ಕೆ ಒದ್ದೆ ಫಿನೈಲ್ ಮೇಲೆ ಓಡಾಡಿ ಪಾದ ನೆಕ್ಕಿಕೊಂಡರೆ ಹೊಟ್ಟೆಗೂ ಹೋಗುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಕಿಣ್ವ (ಎನ್‌ಜೈಮ್) ಇರುವ ಕ್ಲೀನರ್ ಸಿಗುತ್ತದೆ, ಅದು ಒಳ್ಳೆಯದು. ಇಲ್ಲಾ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ.

ಇನ್ನು ಲಸಿಕೆ. ಆರರಿಂದ ಎಂಟು ವಾರದಲ್ಲಿ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಂದು, 16 ವಾರ ತುಂಬುವವರೆಗೆ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಬಿಡಬಾರದು ಅನ್ನುವುದು ನಿಜ. ಮರಿಗಳಿಗೆ ವಾಂತಿ, ರಕ್ತಬೇಧಿ ತರುವ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಚಪ್ಪಲಿಗೆ ಅಂಟಿಕೊಂಡೂ ಮನೆಗೆ ಬರುತ್ತದೆ. ಚಪ್ಪಲಿ ಹೊರಗೆ ಬಿಡುವ ನಮ್ಮ ರೂಢಿ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ, ಬಿಡಬೇಡಿ. ಆದರೆ ನೆಲಕ್ಕೆ ಇಳಿಸಬೇಡಿ ಅಂದರೆ ಮನೆಯೊಳಗೇ ಮುಚ್ಚಿಡಿ ಅಂತಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. ಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುವುದು ಹುಟ್ಟಿದ ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಮಾತ್ರ. ಲಸಿಕೆ ಮುಗಿಯುವ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ದಿನಾ ಎತ್ತಿಕೊಂಡು ಕೆಳಗೆ ಹೋಗಿ. ಆಟೋ ಸದ್ದು, ತರಕಾರಿ ಗಾಡಿಯವರ ಕೂಗು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಕೋಲು ಹಿಡಿದ ಅಜ್ಜ, ಓಡಾಡುವ ಮಕ್ಕಳು, ಲಿಫ್ಟ್ ಎಲ್ಲವನ್ನೂ ತೋಳಿನಿಂದಲೇ ನೋಡಲಿ, ಕೇಳಲಿ. ಲಸಿಕೆ ಆಗಿರುವ ಸ್ನೇಹಿತರ ನಾಯಿ ಇದ್ದರೆ ಅವರ ಮನೆಗೆ ಕರೆದುಕೊಂಡು ಹೋಗಿ. ಈಗ ಇದನ್ನು ಮಾಡದೆ ಬಿಟ್ಟ ಮರಿಗಳೇ ಒಂದು ವರ್ಷದ ಮೇಲೆ ಕಂಡಕಂಡವರ ಮೇಲೆ ಬೊಗಳುತ್ತವೆ ಅಂತ ನನ್ನ ಹತ್ತಿರ ಬರುವುದು.

ಪ್ರಶ್ನೆ: ನಮ್ಮ ಎಂಟು ವರ್ಷದ ಮಗಳಿಗೆ ಮನೆಯ ಯಾರ್ಕಿ ಮರಿ ಆಟದಲ್ಲಿ ಹಲ್ಲು ತಾಗಿಸಿ ಕೈಯಲ್ಲಿ ಗೀರು ಬಿದ್ದಿದೆ. ಸ್ವಲ್ಪ ರಕ್ತ ಬಂತು. ಮರಿಗೆ ಒಂದೇ ಒಂದು ಲಸಿಕೆ ಆಗಿದೆ. ಮನೆಯ ಮರಿ, ಹಾಲುಹಲ್ಲು, ಏನೂ ಆಗಲ್ಲ, ಅರಿಸಿನ ಹಚ್ಚು ಅಂತಾರೆ ನಮ್ಮತ್ತೆ. ಇಂಜೆಕ್ಷನ್ ಬೇಕಾ?
— ಓದುಗರು, ಮೈಸೂರು

ಬೇಕು. ಈ ಪತ್ರ ನನ್ನ ಕೈಸೇರುವ ಹೊತ್ತಿಗೆ ದಿನಗಳು ಕಳೆದಿವೆ. ಆದ್ದರಿಂದ ನಿಮಗೆ ಫೋನಲ್ಲೇ ಹೇಳಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮರಿಗೆ ಆಗಿರುವ ಮೊದಲ ಲಸಿಕೆ ಪಾರ್ವೊ, ಡಿಸ್ಟೆಂಪರ್‌ನಂಥ ಕಾಯಿಲೆಗಳದ್ದು. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕುವುದು. ಅಲ್ಲಿಯವರೆಗೆ ಮರಿಗೆ ರೇಬೀಸ್‌ನಿಂದ ರಕ್ಷಣೆ ಇಲ್ಲ. ಅದು ಹುಟ್ಟಿದ ಜಾಗದಲ್ಲಿ ಯಾವ ನಾಯಿ ಬಂದು ಹೋಯಿತು, ಅದರ ತಾಯಿಗೆ ಏನಾಗಿತ್ತು ಅಂತ ನಿಮಗೆ ಗೊತ್ತಿರುವುದಿಲ್ಲ. ಪುಟ್ಟ ಮರಿಗಳಿಗೂ ರೇಬೀಸ್ ಬರುತ್ತದೆ. ಬಂದ ಮೇಲೆ ಮನುಷ್ಯರಿಗೂ ಔಷಧಿ ಇಲ್ಲ, ನಾಯಿಗೂ ಇಲ್ಲ. ಇಷ್ಟು ಗೊತ್ತಿದ್ದೂ "ಮನೆಯ ಮರಿ ತಾನೇ" ಅಂತ ಬಿಡುವ ಧೈರ್ಯ ಯಾರೂ ಮಾಡಬಾರದು.

ಹಲ್ಲು ತಾಗಿ ಗೀರು ಬಿದ್ದ ಕೂಡಲೇ ಹರಿಯುವ ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಮಕ್ಕಳಿಗೆ ಅದು ಬಹಳ ಹೊತ್ತು ಅನ್ನಿಸುತ್ತದೆ, ಆದರೆ ಅರ್ಧ ಕೆಲಸ ಅಲ್ಲೇ ಆಗುವುದು. ಅರಿಸಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಏನೂ ಹಚ್ಚಬೇಡಿ, ಬಟ್ಟೆ ಕಟ್ಟಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕಾಗುತ್ತದೆ, ಅದನ್ನು ಕೇಳಿ ಹಾಕಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆ ಉಚಿತ. ಹೇಳಿದ ತಾರೀಕುಗಳನ್ನು ತಪ್ಪಿಸಬೇಡಿ. ಮರಿಯನ್ನು ಹತ್ತು ದಿನ ಗಮನಿಸಿ, ಅದು ಚೆನ್ನಾಗಿದ್ದರೆ ಮುಂದೇನು ಅಂತ ಡಾಕ್ಟರೇ ಹೇಳುತ್ತಾರೆ. ಆದರೆ ಹತ್ತು ದಿನ ನೋಡಿ ಆಮೇಲೆ ಇಂಜೆಕ್ಷನ್ ಶುರು ಮಾಡೋಣ ಅನ್ನುವುದು ತಪ್ಪು. ನಿಮ್ಮತ್ತೆಯವರಿಗೆ ಸಮಾಧಾನವಾಗಿ ಈ ಮಾತು ಓದಿ ಹೇಳಿ. ಅವರ ಕಾಲದಲ್ಲಿ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಅಂತ ಹೆದರಿಕೆ ಇತ್ತು, ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೇ.

ಇನ್ನು ಮರಿ ಕಚ್ಚುವುದು. ಹಲ್ಲು ಬರುವ ವಯಸ್ಸು, ಒಸಡು ಕಡಿಯುತ್ತದೆ. ಜೊತೆಗೆ ಟೆರಿಯರ್. ಓಡುವ ಕಾಲು, ಬೀಸುವ ಲಂಗ, ಕಿರುಚುವ ಮಗು, ಇವು ಮೂರೂ ಅದಕ್ಕೆ ಓಡುವ ಇಲಿಯ ಹಾಗೇ ಕಾಣಿಸುತ್ತವೆ. ಮಗಳಿಗೆ ಹೇಳಿಕೊಡಿ: ಕಚ್ಚಲು ಬಂದರೆ ಓಡಬೇಡ, ಕೈ ಎಳೆದುಕೊಳ್ಳಬೇಡ, ಮರದ ಹಾಗೆ ನಿಂತುಬಿಡು, ಮಾತಾಡಬೇಡ. ನಿಂತರೆ ಆಟ ಮುಗಿಯಿತು. ಬಿಟ್ಟಾಗ ಒಂದು ಹಗ್ಗದ ಗೊಂಬೆ ಕೊಡು. ಅದನ್ನು ಎಷ್ಟು ಬೇಕಾದರೂ ಕಚ್ಚಿ ಎಳೆಯಲಿ. ಮತ್ತೂ ಬಿಡದೆ ಮೈಮೇಲೆ ಏರಿದರೆ ದೊಡ್ಡವರು ಸುಮ್ನೆ ಎದ್ದು ಅರ್ಧ ನಿಮಿಷ ಆ ರೂಮಿನಿಂದ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಬಾಯಿ ಹಿಡಿದು ಅದುಮುವುದು, ಮೂತಿಗೆ ಹೊಡೆಯುವುದು ಇದೆಲ್ಲ ಬೇಡ. ಕೈ ಅಂದರೆ ಹೆದರುವ ನಾಯಿ ಮುಂದೆ ನಿಜವಾಗಿ ಕಚ್ಚುತ್ತದೆ. ಒಂದು ವಿಷಯ ಎಷ್ಟೋ ಜನ ಮರೆಯುತ್ತಾರೆ: ಸಾಯಂಕಾಲ ಹುಚ್ಚೆದ್ದು ಕಚ್ಚುವ ಮರಿಗೆ ಬಹಳ ಸಲ ಬೇಕಾಗಿರುವುದು ನಿದ್ದೆ. ಈ ವಯಸ್ಸಿಗೆ ದಿನಕ್ಕೆ ಹದಿನೆಂಟು ಗಂಟೆ ಮಲಗಬೇಕು. ಎಲ್ಲರೂ ಎತ್ತಿ ಆಡಿಸುವ ಮನೆಯಲ್ಲಿ ಪಾಪ ಅದಕ್ಕೆ ಮಲಗಲು ಬಿಡುವುದೇ ಇಲ್ಲ. ಮಗುವನ್ನೂ ಮರಿಯನ್ನೂ ದೊಡ್ಡವರಿಲ್ಲದೆ ಒಂಟಿಯಾಗಿ ಬಿಡಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮನೆಯಲ್ಲಿ ಮೊಟ್ಟೆಯೂ ತರೋದಿಲ್ಲ. ಯಾರ್ಕಿ ಮರಿಗೆ ಮೊಸರನ್ನ, ಹಾಲು ಚಪಾತಿ ಕೊಡ್ತಿದ್ದೀವಿ. ಮೊನ್ನೆ ಬೆಳಗ್ಗೆ ತೂರಾಡಿ ಬಿದ್ದುಬಿಡ್ತು, ಸ್ವಲ್ಪ ಹೊತ್ತಿಗೆ ಸರಿಹೋಯ್ತು. ದೃಷ್ಟಿ ಆಗಿದೆ ಅಂತ ನಿವಾಳಿಸಿದ್ವಿ. ಊಟದಲ್ಲಿ ಏನಾದ್ರೂ ಕಮ್ಮಿ ಆಗಿದೆಯಾ?
— ಓದುಗರು, ಧಾರವಾಡ

ನಿವಾಳಿಸಿದ್ದಕ್ಕೆ ನನ್ನ ಆಕ್ಷೇಪಣೆ ಇಲ್ಲ, ಆದರೆ ಆಸ್ಪತ್ರೆಗೂ ಹೋಗಲೇಬೇಕು. ನೀವು ಹೇಳುವುದು ನೋಡಿದರೆ ರಕ್ತದಲ್ಲಿ ಸಕ್ಕರೆ ಇಳಿದಿರುವ ಹಾಗಿದೆ. ಯಾರ್ಕಿ ದೊಡ್ಡದಾದರೂ ಮೂರು ಕಿಲೋ ಆಸುಪಾಸು, ಮರಿ ಅಂದರೆ ಅಂಗೈ ತುಂಬ. ಅಷ್ಟು ಸಣ್ಣ ಮೈಯಲ್ಲಿ ಸಕ್ಕರೆ ಕೂಡಿಟ್ಟುಕೊಳ್ಳಲು ಜಾಗವೇ ಇಲ್ಲ. ರಾತ್ರಿ ಎಂಟಕ್ಕೆ ಉಂಡು ಬೆಳಗ್ಗೆ ಎಂಟರವರೆಗೆ ಖಾಲಿ ಹೊಟ್ಟೆ ಇದ್ದರೆ, ಚಳಿ ತಗುಲಿದರೆ, ಬೇಧಿಯಾದರೆ, ಜಾಸ್ತಿ ಆಡಿ ಸುಸ್ತಾದರೆ ಸಕ್ಕರೆ ಇಳಿಯುತ್ತದೆ. ಮರಿ ಮಂಕಾಗುತ್ತದೆ, ನಡುಗುತ್ತದೆ, ಕುಡಿದವರ ಹಾಗೆ ತೂರಾಡುತ್ತದೆ, ಫಿಟ್ಸ್ ಕೂಡ ಬರಬಹುದು. ಹಾಗಾದ ಕೂಡಲೇ ಬೆರಳಿಗೆ ಜೇನುತುಪ್ಪ ಅಥವಾ ಗ್ಲೂಕೋಸ್ ನೀರು ಅದ್ದಿಕೊಂಡು ಒಸಡಿಗೆ ಸವರಿ. ಪ್ರಜ್ಞೆ ಇಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಇಟ್ಟುಕೊಂಡು ಡಾಕ್ಟರ ಹತ್ತಿರ ಹೊರಡಿ. ಈ ತಳಿಯಲ್ಲಿ ಪಿತ್ತಜನಕಾಂಗದ ರಕ್ತನಾಳದಲ್ಲಿ ಹುಟ್ಟಿನಿಂದಲೇ ತೊಂದರೆ ಇರುವ ಮರಿಗಳೂ ಇವೆ, ಊಟವಾದ ಮೇಲೆ ಮಂಕಾಗುವುದು ಅದರ ಒಂದು ಲಕ್ಷಣ. ಮತ್ತೆ ಮತ್ತೆ ತೂರಾಡಿದರೆ ರಕ್ತ ಪರೀಕ್ಷೆ ಮಾಡಿಸಿ.

ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ ಕೊಡಿ. ಕೊನೆಯದು ನೀವು ಮಲಗುವ ಮುಂಚೆ, ಮೊದಲನೆಯದು ನೀವು ಎದ್ದ ಕೂಡಲೇ. ಆಮೇಲೆ ಆರು ತಿಂಗಳವರೆಗೆ ಮೂರು.

ಸಸ್ಯಾಹಾರದ ಪ್ರಶ್ನೆ. ನಾಯಿ ಬೆಕ್ಕಿನ ಹಾಗಲ್ಲ, ಮಾಂಸ ಇಲ್ಲದೆಯೂ ಬದುಕಬಲ್ಲದು. ಆದರೆ ಬೆಳೆಯುವ ಮರಿಗೆ ಮೊಸರನ್ನ ಮತ್ತು ಚಪಾತಿ ಯಾವ ಲೆಕ್ಕಕ್ಕೂ ಸಾಲದು. ಹೊಟ್ಟೆ ತುಂಬುತ್ತದೆ, ಮೂಳೆ ಗಟ್ಟಿಯಾಗುವುದಿಲ್ಲ. ನಿಮ್ಮ ಮನೆಯ ಆಚಾರ ಬಿಡಿ ಅಂತ ಹೇಳುವವನು ನಾನಲ್ಲ. ಅಡುಗೆಮನೆಗೆ ತರದೆ, ಹೊರಗಿನ ಬಟ್ಟಲಲ್ಲಿ ಸಣ್ಣ ತಳಿಯ ಮರಿಗಳಿಗೆ ಅಂತಲೇ ಬರುವ ಸಿದ್ಧ ಆಹಾರ ಕೊಡಲು ಒಪ್ಪುವುದಾದರೆ ಅದೇ ಎಲ್ಲಕ್ಕಿಂತ ಸುಲಭ. ಅನೇಕ ಮನೆಗಳಲ್ಲಿ ಹಾಗೆ ಮಾಡುತ್ತಾರೆ. ಅದೂ ಆಗುವುದಿಲ್ಲ ಅಂದರೆ ಮರಿಗಳಿಗಾಗಿ ಮಾಡಿದ ಸಸ್ಯಾಹಾರಿ ಸಿದ್ಧ ಆಹಾರವೂ ಇದೆ, ಪೊಟ್ಟಣದ ಮೇಲೆ ಮರಿಗಳಿಗೆ ಅಂತ ಬರೆದಿರಬೇಕು. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಮೆತ್ತಗೆ ಮಾಡಿ ಕೊಡಿ. ಮೇಲೆ ಸ್ವಲ್ಪ ಪನೀರ್, ಉಪ್ಪು ಖಾರ ಇಲ್ಲದೆ ಬೇಯಿಸಿದ ಬೇಳೆ, ಕುಂಬಳಕಾಯಿ, ಕ್ಯಾರೆಟ್, ಒಂದು ಚಮಚ ಮೊಸರು. ಹಾಲು ಬೇಡ, ಎಷ್ಟೋ ಮರಿಗಳ ಬೇಧಿಗೆ ಅದೇ ಕಾರಣ.

ಸಾರು, ಹುಳಿ, ಪಲ್ಯ ಕಲಸಿದ ಅನ್ನ ಹಾಕುವವರು ಗಮನಿಸಿ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಬೆಂದಿದ್ದರೂ ಸರಿ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಹುದು. ಗೌರಿಗಣೇಶ ಹಬ್ಬ ಮುಗಿದ ಮಾರನೇ ದಿನ ನಮ್ಮ ಆಸ್ಪತ್ರೆಗೆ ವಾಂತಿ ಮಾಡುವ ನಾಯಿಗಳು ಬರುತ್ತವೆ. ಪಾಯಸದ ಪಾತ್ರೆ ನೆಕ್ಕಲು ಬಿಟ್ಟಿರುತ್ತಾರೆ, ತಳದಲ್ಲಿ ತುಪ್ಪದಲ್ಲಿ ಉಬ್ಬಿದ ಒಣದ್ರಾಕ್ಷಿ ಇರುತ್ತದೆ. ದೊಡ್ಡ ನಾಯಿ ನಾಲ್ಕು ತಿಂದು ತಡೆದುಕೊಂಡೀತು, ಒಂದು ಕಿಲೋ ತೂಕದ ಮರಿಗೆ ಆ ನಾಲ್ಕೂ ಹೆಚ್ಚು. ಚಾಕೊಲೇಟ್ ಕೂಡ ವಿಷ, ಶುಗರ್‌ಫ್ರೀ ಚ್ಯೂಯಿಂಗ್ ಗಮ್‌ನಲ್ಲಿ ಇರುವ ಕ್ಸೈಲಿಟಾಲ್ ಅನ್ನುವ ಸಿಹಿ ಪದಾರ್ಥವೂ ವಿಷ.

ಪ್ರಶ್ನೆ: ವಾರಕ್ಕೆ ಎಷ್ಟು ಸಲ ಸ್ನಾನ? ಬೆಲ್ಟ್ ಯಾವುದು ಒಳ್ಳೆಯದು?
— ಓದುಗರು, ದಾವಣಗೆರೆ

ವಾರಕ್ಕೆ ಬೇಡ. ಯಾರ್ಕಿಗೆ ಎರಡು ಮೂರು ವಾರಕ್ಕೊಮ್ಮೆ, ಜ್ಯಾಕ್ ರಸೆಲ್‌ಗೆ ಕೊಳೆಯಾದಾಗ. ನಾಯಿಗಳ ಶಾಂಪೂನೇ ಹಾಕಿ, ನಮ್ಮದು ಬೇಡ. ಯಾರ್ಕಿಯ ಕೂದಲು ಮನುಷ್ಯರ ಕೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ದಿನಾ ಬಾಚದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ ಗಂಟು ಕಟ್ಟುತ್ತದೆ. ಗಿಡ್ಡ ಕತ್ತರಿಸಿ ಇಡುವುದು ನಮ್ಮ ಸೆಕೆಗೆ ಒಳ್ಳೆಯದು. ಕುತ್ತಿಗೆ ಬೆಲ್ಟ್‌ಗೆ ಹಗ್ಗ ಕಟ್ಟಬೇಡಿ, ಪುಟ್ಟ ತಳಿಗಳ ಶ್ವಾಸನಾಳ ಮೆತ್ತಗಿರುತ್ತದೆ, ಎಳೆದರೆ ಕುಗ್ಗುತ್ತದೆ. ಎದೆಗೆ ಹಾಕುವ ಹಾರ್ನೆಸ್ ತನ್ನಿ.

ಪ್ರಶ್ನೆ: ಸರ್, ಅಪಾರ್ಟ್‌ಮೆಂಟಿನಲ್ಲಿ ನಮ್ಮ ಐದು ತಿಂಗಳ ಜ್ಯಾಕ್ ರಸೆಲ್ ಬೊಗಳುತ್ತೆ ಅಂತ ಅಸೋಸಿಯೇಷನ್‌ನವರು ನಾಯಿಯನ್ನು ಹೊರಗೆ ಕಳಿಸಿ ಅಂತಿದ್ದಾರೆ. ಕಾಲಿಂಗ್ ಬೆಲ್ ಆದ್ರೆ ಹತ್ತು ನಿಮಿಷ ನಿಲ್ಲಿಸಲ್ಲ. ಹಾಗೆ ಕಳಿಸುವ ಹಕ್ಕು ಅವರಿಗಿದೆಯಾ?
— ಓದುಗರು, ಬೆಂಗಳೂರು

ಇಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಸಾಕುನಾಯಿ ಇಟ್ಟುಕೊಳ್ಳಬಾರದು ಅಂತ ಅಸೋಸಿಯೇಷನ್ ನಿಯಮ ಮಾಡುವ ಹಾಗಿಲ್ಲ, ಬೊಗಳುತ್ತದೆ ಅನ್ನುವುದನ್ನು ನೆಪ ಮಾಡಿ ಹೊರಹಾಕುವ ಹಾಗೂ ಇಲ್ಲ. ಪಾಲಿಕೆಯ ಲೈಸೆನ್ಸ್ ಮಾಡಿಸಿ, ಲಸಿಕೆ ಪುಸ್ತಕ ಸರಿಯಾಗಿಟ್ಟುಕೊಳ್ಳಿ, ಮಾತಾಡಲು ಹೋಗುವಾಗ ಅವು ಕೈಯಲ್ಲಿರಲಿ. ಹಾಗಂತ ಹಕ್ಕು ನಮ್ಮದು ಅಂತ ಸುಮ್ನೆ ಕೂತರೆ ಪಕ್ಕದ ಮನೆಯ ಹಸುಗೂಸಿನ ನಿದ್ದೆ ಕೆಡುವುದು ನಿಲ್ಲುವುದಿಲ್ಲ. ಮರಿಗೆ ಕಲಿಸಬೇಕು, ಕಲಿಸಬಹುದು.

ಬೇಟೆಗಾರರ ಟೆರಿಯರ್ ಬಿಲದೊಳಗೆ ಹೋಗಿ ಅಲ್ಲಿಂದ ಬೊಗಳುತ್ತಿತ್ತು. ಮೇಲಿದ್ದವರು ಆ ಸದ್ದು ಕೇಳಿಕೊಂಡು ಅಗೆಯುತ್ತಿದ್ದರು. ಜಾಸ್ತಿ ಬೊಗಳುವ ನಾಯಿಯೇ ಒಳ್ಳೆಯ ನಾಯಿ ಅಂತ ಆರಿಸಿ ಬೆಳೆಸಿದ ತಳಿ ಇದು. ನೀವು "ಏಯ್, ಸುಮ್ನಿರು!" ಅಂತ ಕೂಗಿದರೆ ಒಡೆಯರೂ ಜೊತೆಗೆ ಬೊಗಳುತ್ತಿದ್ದಾರೆ ಅಂದುಕೊಂಡು ಇನ್ನೂ ಜೋರು ಮಾಡುತ್ತದೆ.

ಬೆಲ್ ಆದರೆ ಏನು ಮಾಡಬೇಕು ಅಂತ ಅದಕ್ಕೊಂದು ಕೆಲಸ ಕೊಡಿ. ಬಾಗಿಲಿನಿಂದ ಸ್ವಲ್ಪ ದೂರ ಒಂದು ಚಾಪೆ ಹಾಕಿ. ಮೊದಲು ಬೆಲ್ ಇಲ್ಲದೆ, "ಚಾಪೆ" ಅಂದು ತಿನಿಸನ್ನು ಚಾಪೆ ಮೇಲೆ ಎಸೆಯಿರಿ. ಅಲ್ಲಿಗೆ ಹೋಗಿ ಕೂತರೆ ಇನ್ನೊಂದು ಚೂರು. ಮಾತು ಕೇಳಿದ ಕೂಡಲೇ ತಾನಾಗೇ ಓಡಿ ಹೋಗುವ ಹಾಗಾದ ಮೇಲೆ ಮನೆಯವರೊಬ್ಬರನ್ನು ಹೊರಗೆ ನಿಲ್ಲಿಸಿ ಬೆಲ್ ಒತ್ತಿಸಿ, ಬೆಲ್ ಆದ ತಕ್ಷಣ "ಚಾಪೆ" ಅನ್ನಿ. ದಿನಾ ಐದು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಕೆಲವು ವಾರಕ್ಕೆ ಬೆಲ್ ಸದ್ದೇ ಅದಕ್ಕೆ ಚಾಪೆಗೆ ಹೋಗು ಅನ್ನುವ ಮಾತಾಗುತ್ತದೆ. ನಡುವೆ ನಿಜವಾದ ಅತಿಥಿ ಬಂದು ಮರಿ ಬೊಗಳಿದರೆ ಬೇಸರ ಮಾಡಿಕೊಳ್ಳಬೇಡಿ. ಒಂದು ಎಚ್ಚರ ಇರಲಿ, ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅಜ್ಜಿ "ಕೂತ್ಕೊಳೋ", ಮಗ "ಸಿಟ್", ನೀವು "ಚಾಪೆ" ಅಂದರೆ ಮರಿ ಯಾವುದನ್ನೂ ಕಲಿಯುವುದಿಲ್ಲ.

ಮನೆಯಲ್ಲಿ ಯಾರೂ ಇಲ್ಲದಾಗ ಬೊಗಳುತ್ತಿದ್ದರೆ ಅದು ಬೇಸರಕ್ಕೆ ಅಥವಾ ಒಂಟಿತನದ ಭಯಕ್ಕೆ. ಟೆರಿಯರ್‌ಗೆ ಓಟಕ್ಕಿಂತ ಮೂಗಿನ ಕೆಲಸ ಜಾಸ್ತಿ ಸುಸ್ತು ಮಾಡುತ್ತದೆ. ಊಟವನ್ನು ಬಟ್ಟಲಲ್ಲಿ ಯಾಕೆ ಕೊಡಬೇಕು? ಹಳೆ ಟವಲ್ಲಿನ ಮಡಿಕೆಗಳಲ್ಲಿ ಸಿದ್ಧ ಆಹಾರದ ಕಾಳುಗಳನ್ನು ಹಾಕಿ ಸುತ್ತಿ ಗಂಟು ಹಾಕಿ ಕೊಡಿ. ರೂಮಿನ ಮೂಲೆಮೂಲೆಯಲ್ಲಿ ಬಚ್ಚಿಟ್ಟು "ಹುಡುಕು" ಅನ್ನಿ. ಹೊರಡುವ ಮುಂಚೆ ಹತ್ತು ನಿಮಿಷ ಹೀಗೆ ಹುಡುಕಿಸಿದರೆ ನೀವು ಹೋದ ಮೇಲೆ ಮಲಗುತ್ತದೆ.

ಪ್ರಶ್ನೆ: ನಮ್ಮದು ತೋಟದ ಮನೆ. ಇಲಿ ಕಾಟಕ್ಕೆ ಒಳ್ಳೆಯದು ಅಂತ ಜ್ಯಾಕ್ ರಸೆಲ್ ತಂದೆವು. ಈಗ ತುಳಸಿ ಕಟ್ಟೆಯನ್ನೂ ಬಿಡದೆ ಅಗೆಯುತ್ತೆ. ಕಪ್ಪೆ, ಹಾವು ಯಾವುದಕ್ಕೂ ಹೆದರೋದಿಲ್ಲ.
— ಓದುಗರು, ತೀರ್ಥಹಳ್ಳಿ

ಜಾಗ ಇರುವ ಮನೆ ಇದಕ್ಕೆ ಸ್ವರ್ಗ. ಅಪಾಯವೂ ಅಲ್ಲೇ ಜಾಸ್ತಿ.

ಅಗೆಯಲಿಕ್ಕೆ ಅದರದ್ದೇ ಒಂದು ಜಾಗ ಮಾಡಿ. ಕೊಟ್ಟಿಗೆ ಪಕ್ಕದಲ್ಲೋ ಹಿತ್ತಲಲ್ಲೋ ನಾಲ್ಕು ಅಡಿ ಉದ್ದಗಲ ಮರಳು ಹಾಕಿ, ಅದರಲ್ಲಿ ಆಟದ ವಸ್ತು, ತಿನಿಸು ಹೂತಿಡಿ. ತುಳಸಿ ಕಟ್ಟೆ ಹತ್ತಿರ ಕಂಡಾಗ ಬೈಯದೆ ಎತ್ತಿಕೊಂಡು ಬಂದು ಇಲ್ಲಿ ಬಿಡಿ. ಎಲ್ಲಿ ಅಗೆದರೆ ಏನಾದರೂ ಸಿಗುತ್ತದೋ ಅಲ್ಲಿಗೇ ಹೋಗುವುದು ಅದರ ಸ್ವಭಾವ. ಅಲ್ಲಿಯವರೆಗೆ ತುಳಸಿಗೆ ಸುತ್ತ ಬಲೆ ಹಾಕಿ.

ನಾಯಿ ಇಲಿ ಹಿಡಿಯುವ ಮನೆಯಲ್ಲಿ ಇಲಿ ಪಾಷಾಣ ಇಡಬೇಡಿ, ಅಕ್ಕಪಕ್ಕದವರಿಗೂ ಹೇಳಿ. ಅಂಗಡಿಯಲ್ಲಿ ಸಿಗುವ ಇಲಿ ಬಿಲ್ಲೆಯಲ್ಲಿ ಬ್ರೊಮಾಡಿಯೊಲೋನ್ ಇರುತ್ತದೆ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ತಿಂದ ದಿನ ಮರಿ ಚೆನ್ನಾಗೇ ಇರುತ್ತದೆ, ಮೂರು ನಾಲ್ಕು ದಿನದ ಮೇಲೆ ಒಸಡು ಬಿಳಿಚಿಕೊಂಡು, ಮೂಗಿನಲ್ಲಿ ರಕ್ತ ಬಂದು ಕುಸಿಯುತ್ತದೆ. ತಿಂದಿದ್ದು ಕಂಡರೆ ಅವತ್ತೇ ಪೊಟ್ಟಣದ ಸಮೇತ ಹೋಗಿ, ವಿಟಮಿನ್ ಕೆ-1 ಕೊಟ್ಟರೆ ಉಳಿಯುತ್ತದೆ. ತೋಟಕ್ಕೆ ಹಾಕುವ ಬಸವನಹುಳುವಿನ ಮಾತ್ರೆಯೂ ಅಷ್ಟೇ ಅಪಾಯ, ಅದರಿಂದ ಮೈ ನಡುಕ, ಫಿಟ್ಸ್ ಬರುತ್ತದೆ. ಇಲಿ ಉಚ್ಚೆಯಿಂದ ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಹರಡುತ್ತದೆ, ಮಳೆಗಾಲದಲ್ಲಿ ಜಾಸ್ತಿ, ನಾಯಿಯಿಂದ ಮನೆಯವರಿಗೂ ಬರಬಹುದು. ನಿಮ್ಮ ಮರಿಗೆ ಹಾಕಿಸುವ ಲಸಿಕೆಯಲ್ಲಿ ಲೆಪ್ಟೊ ಸೇರಿದೆಯಾ ಅಂತ ಕೇಳಿ, ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ.

ನೆಲಗಪ್ಪೆಯನ್ನು ಕಚ್ಚಿದರೆ ಅದರ ಚರ್ಮದ ರಸಕ್ಕೆ ಬಾಯಲ್ಲಿ ನೊರೆ ಸುರಿಯುತ್ತದೆ. ತಲೆ ಕೆಳಮುಖ ಮಾಡಿ ಪಕ್ಕದಿಂದ ನೀರು ಹಾಕಿ ಬಾಯಿ ತೊಳೆಯಿರಿ, ಒದ್ದೆ ಬಟ್ಟೆಯಿಂದ ಒಸಡು ಒರೆಸಿ. ನಡುಕ ಬಂದರೆ ಆಸ್ಪತ್ರೆಗೆ. ಹಾವಿನ ವಿಷಯದಲ್ಲಿ ನಿಮಗೆ ನೇರವಾಗಿ ಹೇಳಿಬಿಡುತ್ತೇನೆ. ಟೆರಿಯರ್ ಹಿಂದೆ ಸರಿಯುವುದಿಲ್ಲ, ಅದನ್ನು ಕಲಿಸಲೂ ಆಗುವುದಿಲ್ಲ. ಮುಸ್ಸಂಜೆಯಿಂದ ಬೆಳಗಿನವರೆಗೆ ಒಂಟಿಯಾಗಿ ಹೊರಗೆ ಬಿಡಬೇಡಿ, ಬಿಟ್ಟರೆ ಉದ್ದ ಹಗ್ಗ ಇರಲಿ. ಕಚ್ಚಿಸಿಕೊಂಡರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ನಡೆಸದೆ, ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ಆ ವಿಷನಿರೋಧಕ ಔಷಧಿಯನ್ನೇ ನಾಯಿಗೂ ಕೊಡುತ್ತೇವೆ. ಹತ್ತಿರದ ಯಾವ ಪಶು ಆಸ್ಪತ್ರೆಯಲ್ಲಿ ಅದು ಇದೆ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಪ್ರಶ್ನೆ: ಉಣ್ಣೆ ಹತ್ತಿದೆ. ಹಸುವಿಗೆ ಹಾಕೋ ಔಷಧಿನೇ ಸ್ವಲ್ಪ ತೆಳು ಮಾಡಿ ಹಾಕಬಹುದಾ? ಸೀಮೆಎಣ್ಣೆ ಹಚ್ಚಿ ಅಂತಾನೂ ಹೇಳ್ತಾರೆ.
— ಓದುಗರು, ಮಂಡ್ಯ

ಎರಡೂ ಬೇಡವೇ ಬೇಡ. ನಾನೂರು ಕಿಲೋ ಹಸುವಿನ ಔಷಧಿಯನ್ನು ಎರಡು ಕಿಲೋ ಮರಿಗೆ ಅಂದಾಜಿನ ಮೇಲೆ ತೆಳು ಮಾಡಲು ಆಗುವುದಿಲ್ಲ. ಸೀಮೆಎಣ್ಣೆ ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೂ ಹೋಗುತ್ತದೆ. ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ. ಉಣ್ಣೆ ಮಾತ್ರೆಗಳಲ್ಲಿ ಹಲವನ್ನು ಎರಡು ಕಿಲೋ ತುಂಬದ ಮರಿಗೆ ಕೊಡುವ ಹಾಗಿಲ್ಲ, ಆದ್ದರಿಂದ ತೂಕ ಹಾಕಿಸಿ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಗೋಡೆ ಬಿರುಕು, ಬಾಗಿಲ ಸಂದಿಯಲ್ಲಿ ಉಣ್ಣೆ ಮೊಟ್ಟೆ ಇಡುತ್ತದೆ, ಅಲ್ಲಿಯೂ ಔಷಧಿ ಹೊಡೆಯದಿದ್ದರೆ ಮತ್ತೆ ಬರುತ್ತದೆ. ಮರಿ ಊಟ ಬಿಟ್ಟು ಮೈ ಬಿಸಿಯಾಗಿ, ಒಸಡು ಬಿಳಿಚಿ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಉಣ್ಣೆ ಜ್ವರ ಇರಬಹುದು. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ನಾಳೆ ನೋಡೋಣ ಅನ್ನಬೇಡಿ.

ಪ್ರಶ್ನೆ: 35 ದಿನದ ಮರಿಯನ್ನು ಈಗಲೇ ತೆಗೆದುಕೊಂಡು ಹೋಗಿ, ಚೆನ್ನಾಗಿ ಹೊಂದಿಕೊಳ್ಳುತ್ತೆ ಅಂತ ಮಾರುವವರು ಹೇಳ್ತಿದ್ದಾರೆ.
— ಓದುಗರು, ತುಮಕೂರು

ತರಬೇಡಿ. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳೇ ಹೇಳುತ್ತವೆ. ಎಷ್ಟು ಜೋರಾಗಿ ಕಚ್ಚಬಹುದು ಅನ್ನುವ ಪಾಠವನ್ನು ತಾಯಿ ಮತ್ತು ಒಡಹುಟ್ಟಿದವು ಕಲಿಸುವುದು ಆ ವಾರಗಳಲ್ಲೇ. ತಾಯಿ ನಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಅಲ್ಲಿಂದ ವಾಪಸ್ ಬನ್ನಿ.

ಪ್ರಶ್ನೆ: ನಮ್ಮ ಆರೂವರೆ ತಿಂಗಳ ಯಾರ್ಕಿಗೆ ಕೋರೆಹಲ್ಲು ಎರಡೆರಡು ಇವೆ, ಒಂದರ ಪಕ್ಕ ಒಂದು. ಅದೃಷ್ಟ ಅಂತಾರೆ ಕೆಲವರು. ಹಾಗೇ ಬಿಡಬಹುದಾ?
— ಓದುಗರು, ಬೆಳಗಾವಿ

ಬಿಡಬಾರದು. ಹೊಸ ಹಲ್ಲು ಬಂದರೂ ಹಾಲುಹಲ್ಲು ಬಿದ್ದಿಲ್ಲ, ಯಾರ್ಕಿಗಳಲ್ಲಿ ಇದು ತುಂಬಾ ಸಾಮಾನ್ಯ. ಎರಡರ ಸಂದಿಯಲ್ಲಿ ಕೂದಲು, ಊಟ ಸಿಕ್ಕಿಕೊಂಡು ಕೊಳೆಯುತ್ತದೆ. ಹೊಸ ಹಲ್ಲು ಓರೆಯಾಗಿ ಬೆಳೆದು ಅಂಗುಳಿಗೆ ಚುಚ್ಚಲೂಬಹುದು. ಏಳು ತಿಂಗಳ ಹೊತ್ತಿಗೂ ತಾನಾಗೇ ಬೀಳದಿದ್ದರೆ ಅರಿವಳಿಕೆ ಕೊಟ್ಟು ತೆಗೆಸಬೇಕು. ನೀವೇ ಅಲ್ಲಾಡಿಸಿ ಕೀಳಲು ಹೋಗಬೇಡಿ, ಬೇರು ಉದ್ದ ಇರುತ್ತದೆ, ಒಳಗೇ ಮುರಿಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಯೋಚನೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸಬಹುದು, ಪುಟ್ಟ ಮೈಗೆ ಎರಡನೇ ಸಲ ಅದನ್ನು ಕೊಡುವುದು ತಪ್ಪುತ್ತದೆ. ಈಗಿನಿಂದಲೇ ದಿನಾ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹಲ್ಲು ಉಜ್ಜುವ ಅಭ್ಯಾಸ ಮಾಡಿಸಿ, ನಾಯಿಗಳ ಪೇಸ್ಟ್ ಮಾತ್ರ ಹಾಕಿ.